ಕಿರಣಾವತಿಯ ತಂಪುಹಾಸು

ಬಹಳ ಬಹಳ ಹಿಂದೆ, ಮರಗಳಿಗಿಂತ ಬಿಸಿಲೇ ಹೆಚ್ಚಾಗಿದ್ದ ಕಿರಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮನುಷ್ಯನಿಗೆ ಅವನ ನೆರಳೇ ದೊಡ್ಡ ಆಸ್ತಿ. ನೆರಳು ಜೊತೆಗಿದ್ದರೆ ಬಿಸಿಲು ಮೈಯನ್ನು ಸುಟ್ಟರೂ ಪ್ರಾಣವನ್ನು ಮುಟ್ಟುತ್ತಿರಲಿಲ್ಲ. ನೆರಳು ಕಳೆದುಕೊಂಡವನು ಕಿತ್ತಿಟ್ಟ ಸೊಪ್ಪಿನಂತೆ ದಿನದಿನಕ್ಕೆ ಬಾಡಿಹೋಗುತ್ತಿದ್ದ.

ಆದ್ದರಿಂದ ಆ ನಾಡಿನ ಜನ ನೆರಳಿಗೆ ತುಂಬ ಮರ್ಯಾದೆ ಕೊಡುತ್ತಿದ್ದರು. ಮಗುವಿಗೆ ನಾಮಕರಣ ಮಾಡುವಾಗ ಒಮ್ಮೆ ಅದರ ಕಿವಿಯಲ್ಲಿ ಹೆಸರು ಹೇಳಿ, ಆಮೇಲೆ ನೆಲಕ್ಕೆ ಬಾಗಿ ಅದರ ನೆರಳಿಗೂ ಹೇಳುತ್ತಿದ್ದರು. ದಾರಿಯಲ್ಲಿ ಯಾರದಾದರೂ ನೆರಳನ್ನು ತುಳಿದರೆ, ಮೈಗೇ ಕಾಲು ತಾಗಿತೆಂಬಂತೆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕೂಸು ನಡೆಯಲು ಕಲಿತ ದಿನದಿಂದ ಕಲಿಸುತ್ತಿದ್ದ ಅಭ್ಯಾಸ ಅದು. ಮನಸ್ಸು ಯೋಚಿಸುವ ಮೊದಲೇ ಕೈ ಏಳುತ್ತಿತ್ತು.

ಆ ರಾಜ್ಯವನ್ನು ಮಕರಾಂಕನೆಂಬ ಅರಸ ಆಳುತ್ತಿದ್ದ. ಅವನ ಅರಮನೆಯ ಅಂಗಳದಲ್ಲಿ ಒಂದು ಕಪ್ಪು ಹಾಸು ಹಾಸಿತ್ತು. ಅದರ ಮೇಲೆ ನಿಂತವರಿಗೆ ನಡುಮಧ್ಯಾಹ್ನದಲ್ಲೂ ಬೆಳದಿಂಗಳಿನಷ್ಟು ತಂಪು. ಅದನ್ನು ತಂಪುಹಾಸು ಎನ್ನುತ್ತಿದ್ದರು. ಅರಮನೆಯ ಮಂತ್ರವಾದಿ ಕರಾಳಸಿದ್ಧ ಮಂಜಿನ ಬೆಟ್ಟದ ತಂಪನ್ನು ನೂತು ಅದನ್ನು ನೇಯ್ದಿದ್ದಾನೆಂದು ಎಲ್ಲರೂ ಹೇಳುತ್ತಿದ್ದರು. ಹಾಸು ವರ್ಷವರ್ಷವೂ ದೊಡ್ಡದಾಗುತ್ತಿತ್ತು. ಹೇಗೆ ದೊಡ್ಡದಾಗುತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ತಣ್ಣಗಿರುವ ಕಡೆ ನಿಂತವರಿಗೆ ಪ್ರಶ್ನೆಗಳು ಹುಟ್ಟುವುದು ಕಡಿಮೆ.

ಅದೇ ಹೊತ್ತಿನಲ್ಲಿ ಬಡವರ ಕೇರಿಗಳಲ್ಲಿ ನೆರಳುಗಳು ಕಳುವಾಗತೊಡಗಿದವು. ಮೊದಲು ಅಗಸರ ಕೇರಿಯಲ್ಲಿ, ಆಮೇಲೆ ಕುಂಬಾರರ ಕೇರಿಯಲ್ಲಿ, ಕೊನೆಗೆ ದರ್ಜಿಗಳ ಕೇರಿಯಲ್ಲಿ. ಬಾವಿಗೆ ನೀರಿಗೆಂದು ಹೋದವರು ನೆರಳಿಲ್ಲದೆ ಮನೆಗೆ ಬರುತ್ತಿದ್ದರು. ಜನ ಕೋತವಾಲನ ಬಳಿ ಹೋದರು. "ನಿಮ್ಮ ನೆರಳನ್ನ ನೀವು ನೋಡ್ಕೊಳ್ಳೋಕಾಗಲ್ವಾ?" ಎಂದು ಅವನು ಗದರಿದ. ಮಠದ ಗುರುಗಳ ಬಳಿ ಹೋದರು. "ಹಿಂದಿನ ಜನ್ಮದ ಪಾಪ" ಎಂದು ಅವರು ಕಣ್ಣು ಮುಚ್ಚಿಕೊಂಡರು. ಗಲಾಟೆ ಜೋರಾದಾಗ ಅರಸ, "ನೆರಳನ್ನು ಕತ್ತರಿಸಿದ್ದಾರೆ ಎಂದರೆ ಕತ್ತರಿ ಇದ್ದವನೇ ಕತ್ತರಿಸಿರಬೇಕು" ಎಂದು ತೀರ್ಪು ಕೊಟ್ಟು, ದರ್ಜಿ ಸಂಕಣ್ಣನನ್ನು ಹಿಡಿಸಿ ಸೆರೆಗೆ ಹಾಕಿದ. ಯುಗಾದಿಯ ಮಧ್ಯಾಹ್ನ ಅವನನ್ನು ಬಿಸಿಲುಗಂಬಕ್ಕೆ ಕಟ್ಟಿ, ಎಲ್ಲರೆದುರು ಅವನ ನೆರಳನ್ನು ಕತ್ತರಿಸಬೇಕೆಂದು ಅಪ್ಪಣೆಯಾಯಿತು. ಎಂಥ ನ್ಯಾಯ ನೋಡಿ! ನೆರಳು ಕದಿಯುವುದು ತಪ್ಪೆಂದು ಹೇಳುವುದಕ್ಕೂ ಇವರಿಗೆ ಒಂದು ನೆರಳು ಬೇಕಾಯಿತು.

ಸಂಕಣ್ಣನ ಹೆಂಡತಿ ಚಂದಲೆ. ಅರಮನೆಯ ಬೀದಿಯಲ್ಲಿ ಮಜ್ಜಿಗೆ ಮಾರುತ್ತಿದ್ದಳು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಅವಳು ಮಜ್ಜಿಗೆಯ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ನೆಟ್ಟಗೆ ಅರಸನ ಮುಂದೆ ಹೋಗಿ ನಿಂತಳು.

"ಮಹಾಪ್ರಭು, ನನ್ನ ಗಂಡ ಕಳ್ಳ ಅಲ್ಲ. ಯುಗಾದಿಯೊಳಗೆ ನಿಜವಾದ ಕಳ್ಳನ್ನ ನಾನು ಪತ್ತೆ ಮಾಡಿಕೊಡ್ತೀನಿ."

ಆಸ್ಥಾನವೆಲ್ಲ ನಕ್ಕಿತು. ಅರಸನೂ ನಕ್ಕ. "ಆಗಲಿ, ಹುಡುಕು. ಸಿಗದಿದ್ದರೆ ಗಂಡನ ಪಕ್ಕದಲ್ಲೇ ನಿನ್ನನ್ನೂ ಕಟ್ಟಿಸುತ್ತೇನೆ."

"ಸಿಕ್ಕಿದ್ರೆ?" ಎಂದಳು ಚಂದಲೆ. ಅರಸ ಕೈ ಬೀಸಿ ಅವಳನ್ನು ಹೊರಗೆ ಕಳಿಸಿದ.

ಅರಸನ ಅಜ್ಜನ ಕಾಲದಲ್ಲಿ ಕಳ್ಳರನ್ನು ಹಿಡಿಯಲೆಂದೇ ಮೂರು ಮಾಯಾಪ್ರಾಣಿಗಳನ್ನು ಊರಿನಲ್ಲಿ ಇರಿಸಿದ್ದರು. ಊರಬಾಗಿಲಲ್ಲಿ ಒಂದು ಕಲ್ಲುಸಿಂಹ, ಪೇಟೆಯಲ್ಲಿ ಒಂದು ಗಿಣಿ, ಮಠದ ಮುಂದೆ ಒಂದು ಬಿಳಿಯಾನೆ. ಕಳ್ಳನನ್ನು ಕಂಡರೆ ಸಿಂಹ ಗರ್ಜಿಸಬೇಕು. ಸುಳ್ಳು ಕೇಳಿದರೆ ಗಿಣಿ ಕೂಗಬೇಕು. ತಪ್ಪಿತಸ್ಥನನ್ನು ಆನೆ ಸೊಂಡಿಲಿನಿಂದ ಎತ್ತಬೇಕು. ಈಚೆಗೆ ಮೂರೂ ಸುಮ್ಮನಾಗಿದ್ದವು.

ಚಂದಲೆ ಮೊದಲು ಸಿಂಹದ ಬಳಿ ಹೋದಳು. ಸುತ್ತ ಒಂದು ಮರವಿಲ್ಲ, ಆದರೂ ಸಿಂಹ ಕಪ್ಪನೆಯ ತಂಪಿನ ಮೇಲೆ ಕಾಲು ಚಾಚಿ ಮಲಗಿತ್ತು. ಅದು ತಂಪುಹಾಸಿನದೇ ಒಂದು ತುಂಡು.

"ಏನಪ್ಪಾ ಮೃಗರಾಜ, ಇಷ್ಟು ನೆರಳು ಕಳುವಾದ್ರೂ ನಿನ್ನ ಗಂಟಲು ಬಿಡಲಿಲ್ವಲ್ಲ!"

ಸಿಂಹ ಮುಖ ತಿರುಗಿಸಿತು. ಚಂದಲೆ ಗಡಿಗೆ ಬಗ್ಗಿಸಿ ಅದರ ತಲೆಯ ಮೇಲೆ ಮಜ್ಜಿಗೆ ಸುರಿದಳು. ಸಿಂಹ ಮೀಸೆ ನೆಕ್ಕಿಕೊಂಡು ಮೆಲ್ಲಗೆ ಹೇಳಿತು, "ತಾಯಿ, ಈಗ ನಾನು ಗರ್ಜಿಸೋದಾದ್ರೆ ಮೊದಲು ನನ್ನ ಮೇಲೇ ಗರ್ಜಿಸಬೇಕಾಗುತ್ತೆ."

ಅಷ್ಟರಲ್ಲಿ ಕೋತವಾಲ ಬಂದ. ದೊಣ್ಣೆ ಆಡಿಸುತ್ತ ಆ ತಂಪಿನ ಮೇಲೆ ಕಾಲಿಟ್ಟ. ಇಡುತ್ತಲೇ ಅವನ ಕೈ ಮೇಲೆದ್ದು ಬೆರಳು ಕಣ್ಣಿಗೆ ತಾಗಿತು. "ಇಲ್ಲೇನೇ ನಿನ್ನ ಕೆಲಸ, ನಡಿ ಆಚೆ!" ಎಂದು ಅವಳನ್ನು ಓಡಿಸಿದ. ಕಣ್ಣಿಗೆ ಧೂಳು ಬಿತ್ತೇನೋ ಎಂದುಕೊಂಡು ಚಂದಲೆ ಮುಂದೆ ನಡೆದಳು.

ಗಿಣಿ ಇದ್ದದ್ದು ಪೇಟೆಯ ದೊಡ್ಡ ವರ್ತಕ ರತ್ನಶೆಟ್ಟಿಯ ಅಂಗಡಿಯಲ್ಲಿ. ಅವನು ತಂಪುಹಾಸಿನ ತುಂಡುಗಳನ್ನು ಸಿರಿವಂತರಿಗೆ ಮಾರುತ್ತಿದ್ದ. ಶೆಟ್ಟಿ ಒಳಗೆ ಹೋಗಿದ್ದ. ಚಂದಲೆಯನ್ನು ಕಂಡ ಗಿಣಿ ಕೊಕ್ಕನ್ನು ರೆಕ್ಕೆಯೊಳಗೆ ಬಚ್ಚಿಟ್ಟುಕೊಂಡಿತು.

"ನಿನ್ನ ನಾನು ಏನೂ ಕೇಳಲ್ಲ, ಸುಮ್ನೆ ಮಾತಾಡ್ತೀನಿ" ಎಂದಳು ಚಂದಲೆ. "ಈ ಹಾಸಿದೆಯಲ್ಲ, ಇದು ಮಂಜಿನ ಬೆಟ್ಟದಿಂದ ಬಂದದ್ದು."

ಗಿಣಿ ನಡುಗಿತು, ಉಬ್ಬಿತು, ಕೊನೆಗೆ ತಡೆಯಲಾರದೆ ಕೂಗಿತು: "ಸುಳ್ಳು! ಸುಳ್ಳು!"

"ನೆರಳು ಕತ್ತರಿಸಿದ್ದು ನನ್ನ ಗಂಡ."

"ಸುಳ್ಳು! ಸುಳ್ಳು!"

ಚಂದಲೆಗೆ ಎದೆಯ ಭಾರ ಇಳಿಯಿತು. ಇನ್ನೊಂದು ಮಾತು ಆಡಿ ನೋಡಬಹುದಿತ್ತು, ಆಡಲಿಲ್ಲ. ತನಗೆ ಬೇಕಾದಷ್ಟು ಸಿಕ್ಕಿತೆಂದು ಹೊರಡಲು ತಿರುಗಿದಾಗ ನೆಲದ ಹಾಸಿನ ಅಂಚು ಕಣ್ಣಿಗೆ ಬಿತ್ತು. ಅಲ್ಲಿ ಪುಟ್ಟ ತಲೆಯೊಂದರ ಆಕಾರ, ಎರಡೂ ಕಡೆ ನಿಮಿರಿ ನಿಂತ ಮೋಟು ಜಡೆಗಳು. ಪಕ್ಕದ ಮನೆಯ ಕೆಂಚಿಯ ಜಡೆಗಳವು. ಆ ಮಗು ಈಗ ಒದ್ದೆ ಬಟ್ಟೆ ಹೊದ್ದು, ಕಣ್ಣು ತೆರೆಯಲಾರದೆ ಚಾಪೆಯ ಮೇಲೆ ಬಿದ್ದಿತ್ತು. ಚಂದಲೆ ನಿಂತದ್ದು ಆ ಮಗುವಿನ ನೆರಳಿನ ಮೇಲೆ!

ಅವಳ ಕೈ ತಾನಾಗಿಯೇ ಮೇಲೆದ್ದು ಬೆರಳು ಕಣ್ಣಿಗೆ ಒತ್ತಿತು. ಒತ್ತಿದ ಕೈ ಅಲ್ಲೇ ನಿಂತಿತು. ಕೋತವಾಲನ ಕಣ್ಣಿಗೆ ಬಿದ್ದದ್ದು ಧೂಳಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಠದ ಮುಂದಿನ ಬಿಳಿಯಾನೆಯೂ ತಂಪಿನ ತುಂಡೊಂದರ ಮೇಲೆ ನಿಂತಿತ್ತು, ಆದರೆ ಅದರ ಕಣ್ಣಿನಲ್ಲಿ ನೀರಿತ್ತು.

"ನನ್ನ ಪರೀಕ್ಷೆ ಗೊತ್ತಲ್ಲ? ಸೊಂಡಿಲು ಹಿಡಿ" ಎಂದಿತು ಆನೆ. "ತಪ್ಪಿದ್ರೆ ಎತ್ತಿ ಒಗೀತೀನಿ. ಇಲ್ಲದಿದ್ರೆ ನೀನು ಕೇಳಿದ್ದಕ್ಕೆ ಉತ್ತರ ಹೇಳ್ತೀನಿ."

ಚಂದಲೆ ಸೊಂಡಿಲು ಹಿಡಿದಳು. ಆನೆ ಅವಳನ್ನು ಮೊಣಕಾಲಿನಷ್ಟು ಎತ್ತರಕ್ಕೆ ಎತ್ತಿ, ಯೋಚಿಸಿತು.

"ಮಜ್ಜಿಗೆಗೆ ಸ್ವಲ್ಪ ನೀರು ಜಾಸ್ತಿ ಹಾಕ್ತೀನಪ್ಪ, ಇಲ್ಲ ಅನ್ನಲ್ಲ" ಎಂದು ಚಂದಲೆ ಮುಖ ಕೆಂಪಗೆ ಮಾಡಿಕೊಂಡಳು. ಆನೆ ಅವಳನ್ನು ಮೆಲ್ಲಗೆ ಕೆಳಗಿಳಿಸಿತು.

"ಕೇಳು ತಾಯಿ. ಬಾವಿಕಟ್ಟೆಯಲ್ಲಿ ಜನರನ್ನ ಸಾಲಾಗಿ ಅಲ್ಲಾಡದ ಹಾಗೆ ನಿಲ್ಲಿಸೋನು ಕೋತವಾಲ. ಹಿಂದಿನಿಂದ ಬಂದು ಕತ್ತರಿಸೋನು ಕರಾಳಸಿದ್ಧ. ಮಾರೋನು ಶೆಟ್ಟಿ. ಪಾಪ ಅಂತ ಹೇಳಿ ಬಾಯಿ ಮುಚ್ಚಿಸೋರು ಗುರುಗಳು. ಕತ್ತರಿಸಿದ ನೆರಳುಗಳನ್ನ ಒಂದಕ್ಕೊಂದು ಹೊಲಿದೇ ಈ ಹಾಸು ಮಾಡಿರೋದು. ಆ ಹೊಲಿಗೆ ಕತ್ತರಿಗೆ ಬಿಚ್ಚಲ್ಲ, ಬೆಂಕಿಗೆ ಸುಡಲ್ಲ. ನಾಮಕರಣದ ದಿನ ಇಟ್ಟ ಹೆಸರು ಹಿಡಿದು ಕರೆದ್ರೆ ಮಾತ್ರ ನೆರಳು ಎದ್ದು ಬರುತ್ತೆ."

ಆಗ ಗುರುಗಳು ಮಠದಿಂದ ಹೊರಗೆ ಬಂದರು. ಪಾದುಕೆ ಬಿಟ್ಟು ತಂಪಿನ ಮೇಲೆ ಕಾಲಿಟ್ಟರು. ಜಪಮಾಲೆ ಹಿಡಿದ ಕೈಯೇ ಕಣ್ಣಿಗೆ ಹೋಯಿತು.

ಯುಗಾದಿ ಬಂತು. ಅರಮನೆಯ ಹೆಬ್ಬಾಗಿಲಿನ ಆಚೆ ಕೇರಿಗಳ ಜನ ಕಿಕ್ಕಿರಿದಿದ್ದರು. ಅಂಗಳದಲ್ಲಿ ತಂಪುಹಾಸು ಹರಡಿತ್ತು. ಸಂಕಣ್ಣನನ್ನು ಬೇಡಿ ಹಾಕಿ ಕರೆತಂದಿದ್ದರು.

"ಎಲ್ಲಿ ನಿನ್ನ ಕಳ್ಳ?" ಎಂದ ಅರಸ.

"ತೋರಿಸ್ತೀನಿ ಮಹಾಪ್ರಭು. ಹಬ್ಬದ ದಿನ, ಮೊದಲು ಎಲ್ಲರೂ ನನ್ನ ಕೈಯಿಂದ ಒಂದು ಲೋಟ ಮಜ್ಜಿಗೆ ಕುಡೀಬೇಕು. ಬರಿಗಾಲಲ್ಲಿ ಈ ಹಾಸು ದಾಟಿ ಒಬ್ಬೊಬ್ಬರಾಗಿ ಬನ್ನಿ" ಎಂದು ಚಂದಲೆ ಹಾಸಿನ ಆಚೆ ತುದಿಯಲ್ಲಿ ಗಡಿಗೆ ಇಟ್ಟುಕೊಂಡು ಕುಳಿತಳು.

ಇದೊಂದು ತಮಾಷೆ ಎಂದು ಎಲ್ಲರೂ ಒಪ್ಪಿದರು. ಅಡುಗೆಯವರು ಬಂದರು, ಓಲಗದವರು ಬಂದರು, ನೆಟ್ಟಗೆ ನಡೆದು ಮಜ್ಜಿಗೆ ಕುಡಿದರು. ಅರಸನ ತಂಗಿ ಪದ್ಮಲೆ ಬಂದಳು, ಅವಳೂ ಮಂಜಿನ ಬೆಟ್ಟದ ಕತೆ ನಂಬಿದವಳು, ನೆಟ್ಟಗೆ ನಡೆದಳು. ಇವರನ್ನೆಲ್ಲ ಚಂದಲೆ ಬಲಕ್ಕೆ ನಿಲ್ಲಿಸಿದಳು. ಕೋತವಾಲ ಬಂದ, ಬೆರಳು ಕಣ್ಣಿಗೆ ಹೋಯಿತು. ರತ್ನಶೆಟ್ಟಿ ಬಂದ, ಬೆರಳು ಕಣ್ಣಿಗೆ ಹೋಯಿತು. ಗುರುಗಳು ಬಂದರು, ಅವರದೂ ಹೋಯಿತು. ಮಂತ್ರಿಗಳು, ರಾಣಿಯ ಅಣ್ಣಂದಿರು, ಬಾವಿಯ ಕಾವಲಿನವನು, ಎಲ್ಲರೂ ಗುಟ್ಟಾಗಿ ಮೂಗು ತುರಿಸಿಕೊಂಡಂತೆ ಮಾಡಿ ಕಣ್ಣಿಗೆ ಒತ್ತಿಕೊಂಡರು. ಅವರನ್ನು ಎಡಕ್ಕೆ ನಿಲ್ಲಿಸಿದಳು. ಕೊನೆಗೆ ಅರಸ ಸಿಂಹಾಸನದಿಂದ ಇಳಿದು ಬಂದ. ಕಿರೀಟ ಹೊತ್ತ ಆ ತಲೆ ಒಂಚೂರು ಬಾಗಿತು, ಉಂಗುರದ ಬೆರಳು ಕಣ್ಣಿಗೆ ತಾಗಿತು.

"ಇನ್ನೊಬ್ಬ ಉಳಿದಿದ್ದಾನೆ" ಎಂದು ಕರಾಳಸಿದ್ಧ ಮೂಲೆಯಿಂದ ನಕ್ಕ. "ನಿನ್ನ ಗಂಡನಿಗೆ ಮಜ್ಜಿಗೆ ಬೇಡವೇ?"

ಸಂಕಣ್ಣನನ್ನು ಹಾಸಿನ ಮೇಲೆ ತಳ್ಳಿದರು. ಬೇಡಿ ಹಾಕಿದ ಎರಡೂ ಕೈಗಳು ಒಟ್ಟಿಗೆ ಎದ್ದು ಕಣ್ಣಿಗೆ ಒತ್ತಿದವು.

ಚಂದಲೆಯ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಗಂಡನನ್ನು ಉಳಿಸಲೆಂದು ಊರೆಲ್ಲ ಸುತ್ತಿದವಳು ಅವಳು. ಈಗ ಬಾಯಿ ಮುಚ್ಚಿಕೊಂಡರೆ ಗಂಡ ಉಳಿಯುವುದಿಲ್ಲ, ಬಾಯಿ ತೆರೆದರೆ ಗಂಡನ ಮರ್ಯಾದೆ ಉಳಿಯುವುದಿಲ್ಲ.

"ನಿನಗೂ ಗೊತ್ತಿತ್ತಾ?" ಎಂದಳು.

"ಮೊದಮೊದಲು ಅರಮನೆಯವರು ಕರಿ ಬಟ್ಟೆ ಅಂದ್ರು, ಹೊಲಿದೆ" ಎಂದ ಸಂಕಣ್ಣ ತಲೆ ತಗ್ಗಿಸಿ. "ಆಮೇಲೆ ಬಟ್ಟೆ ಅಲ್ಲ ಅಂತ ಗೊತ್ತಾಯ್ತು. ನಮ್ಮ ಕೇರಿ ಮುಟ್ಟಲ್ಲ ಅಂದಿದ್ರು, ಅದಕ್ಕೆ ಹೊಲೀತಾ ಹೋದೆ. ಒಂದಂಚು ಹೊಲಿದ ಮೇಲೆ ಕೆಂಚಿಯ ಜಡೆ ಕೈಗೆ ಬಂತು, ಸೂಜಿ ಕೆಳಗಿಟ್ಟೆ, ಚಂದಲೆ. ಆವತ್ತೇ ನನ್ನ ಹಿಡಿದ್ರು."

"ಅಗಸರ ಮಕ್ಕಳಾದ್ರೆ ಹೊಲೀಬಹುದು, ಕುಂಬಾರರ ಮಕ್ಕಳಾದ್ರೆ ಹೊಲೀಬಹುದು. ನಮ್ಮ ಪಕ್ಕದ ಮನೆ ಮಗು ಆದಾಗ ಮಾತ್ರ ಕೈ ನಡುಗಿತು, ಅಲ್ವಾ?" ಚಂದಲೆ ಎಡಗಡೆಗೆ ಕೈ ತೋರಿಸಿದಳು. "ಹೋಗು, ನೀನೂ ಎಡಕ್ಕೇ ನಿಲ್ಲು."

ಸಂಕಣ್ಣ ಹೋಗಿ ಅರಸನ ಪಕ್ಕದಲ್ಲಿ ನಿಂತ. ಆಗ ಚಂದಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಮೈಗೆ ಕಾಲು ತಾಗಿದ್ರೆ ಕಣ್ಣಿಗೊತ್ಕೋತೀವಿ. ನೆರಳು ತುಳಿದ್ರೂ ಕಣ್ಣಿಗೊತ್ಕೋತೀವಿ. ಮಂಜಿನ ಬೆಟ್ಟದ ತಂಪಿಗೆ ನೀವು ಯಾಕೆ ಒತ್ಕೊಂಡ್ರಿ ಮಹಾಪ್ರಭು? ಗುರುಗಳೇ, ನೀವು ಯಾಕೆ ಒತ್ಕೊಂಡ್ರಿ? ಕಾಲ ಕೆಳಗೆ ಮನುಷ್ಯರಿದ್ದಾರೆ ಅಂತ ನಿಮಗೆಲ್ಲ ಗೊತ್ತಿತ್ತು! ದಿನಾ ಕ್ಷಮೆ ಕೇಳ್ತಾ ಇದ್ರಿ, ದಿನಾ ಅಲ್ಲೇ ನಿಲ್ತಾ ಇದ್ರಿ. ಇಷ್ಟು ವರ್ಷ ತಂಪಾಗಿ ನಿಂತ್ರಲ್ಲ, ಇದರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ!"

ಯಾರ ಬಾಯಿಂದಲೂ ಒಂದು ಹೆಸರು ಹೊರಡಲಿಲ್ಲ. ಅರಸ ಕೋಪದಿಂದ, "ಇವಳ ನೆರಳು ಕತ್ತರಿಸು!" ಎಂದು ಕಿರುಚಿದ. ಕರಾಳಸಿದ್ಧ ಕತ್ತರಿ ಹಿಡಿದು ನುಗ್ಗಿದ. ಆದರೆ ಚಂದಲೆ ಅಷ್ಟರಲ್ಲಿ ನೆಲಕ್ಕೆ ಬಾಗಿ ಕೂಗಿದ್ದಳು: "ಕೆಂಚೀ! ಬಾರೇ ಮಗಳೇ!"

ಪೇಟೆಯ ಕಡೆಯಿಂದ ಪುಟ್ಟ ನೆರಳೊಂದು ಮೋಟು ಜಡೆ ಕುಣಿಸುತ್ತ ಓಡಿ ಬಂದು, ಹೆಬ್ಬಾಗಿಲಲ್ಲಿ ತಾಯಿಯ ಹೆಗಲ ಮೇಲೆ ಮಲಗಿದ್ದ ಮಗುವಿನ ಪಾದ ಸೇರಿತು. ಕೆಂಚಿ ಕಣ್ಣು ತೆರೆದು, "ಅವ್ವಾ, ನೀರು" ಎಂದಳು.

ಅದನ್ನು ಕಂಡದ್ದೇ ತಡ, ಜನ ತಮ್ಮತಮ್ಮವರ ಹೆಸರು ಹಿಡಿದು ಕರೆಯತೊಡಗಿದರು. "ಹೊನ್ನಕ್ಕಾ!" "ಮಾರಯ್ಯಾ!" "ತಿಪ್ಪವ್ವಾ!" ಹೊಲಿಗೆಗಳು ಪಟಪಟನೆ ಬಿಚ್ಚಿದವು. ತಂಪುಹಾಸು ಚೂರುಚೂರಾಗಿ ಎದ್ದು ತನ್ನ ಜನರ ಕಡೆಗೆ ಓಡಿತು. ಮೈಕೆಳಗಿನ ತಂಪು ಹೋದ ಸಿಂಹ ಬಿಸಿಕಲ್ಲಿನ ಮೇಲಿಂದ ಹಾರಿ ಎದ್ದು, ಬಹಳ ಕಾಲದ ಮೇಲೆ ಗರ್ಜಿಸಿತು. ಆನೆ ಬಂದು ಎಡಗಡೆ ನಿಂತವರನ್ನೆಲ್ಲ ಸೊಂಡಿಲಿನಿಂದ ಎತ್ತಿ ಎತ್ತಿ ಬಿಸಿಲುಗಂಬದ ಕೆಳಗೆ ಇಟ್ಟಿತು. ಕರಾಳಸಿದ್ಧ ತನ್ನ ಸ್ವಂತ ನೆರಳನ್ನು ಎಂದೋ ಮಾರಿಕೊಂಡು, ಹಾಸಿನ ತುಂಡೊಂದನ್ನು ಹೊದ್ದು ಬದುಕಿದ್ದ. ಅದೂ ಎದ್ದು ಓಡಿತು. ಬಿಸಿಲು ಮುಟ್ಟಿದ ಗಳಿಗೆಯಲ್ಲೇ ಅವನು ಹಪ್ಪಳದಂತೆ ಒಣಗಿ, ಮುರಿದು, ಪುಡಿಯಾಗಿ ಗಾಳಿಗೆ ಹೋದ.

ಜನ ಪದ್ಮಲೆಯನ್ನು ಸಿಂಹಾಸನದಲ್ಲಿ ಕೂರಿಸಿದರು. ಅವಳು ಯಾರ ನೆರಳನ್ನೂ ಕತ್ತರಿಸಲಿಲ್ಲ. ಎಡಗಡೆ ನಿಂತವರೆಲ್ಲ ಮಧ್ಯಾಹ್ನದ ಬಿಸಿಲಿನಲ್ಲಿ ಬಾವಿಯಿಂದ ನೀರು ಸೇದಿ, ಕೇರಿಕೇರಿಗೆ ಹೊತ್ತು ಸಸಿಗಳಿಗೆ ಹಾಕಬೇಕೆಂದು ಅಪ್ಪಣೆ ಮಾಡಿದಳು. ಮಕರಾಂಕ ಹೊತ್ತ, ಗುರುಗಳು ಹೊತ್ತರು, ಶೆಟ್ಟಿ ಹೊತ್ತ, ಸಂಕಣ್ಣನೂ ಹೊತ್ತ. ಮೊದಲ ಸಸಿ ಅಗಸರ ಕೇರಿಯಲ್ಲಿ ಮರವಾಗಿ ನೆರಳು ಕೊಡುವವರೆಗೂ ಚಂದಲೆ ಗಂಡನಿಗೆ ಮಜ್ಜಿಗೆ ಕೊಡಲಿಲ್ಲ. ಕೊಟ್ಟ ದಿನ ನೀರು ಹಾಕದ ಮಜ್ಜಿಗೆಯನ್ನೇ ಕೊಟ್ಟಳು.

ಆಮೇಲೆ ಕಿರಣಾವತಿಯಲ್ಲಿ ನೆರಳು ಕಳೆದುಕೊಂಡವರು ಯಾರೂ ಇರಲಿಲ್ಲ, ಎಲ್ಲರೂ ತಮ್ಮತಮ್ಮ ನೆರಳಿನೊಂದಿಗೆ ನಗುನಗುತ್ತ ಬಾಳಿದರು. ಕೆಂಚಿಯ ನೆರಳಿನ ಅಂಚಿನಲ್ಲಿ ಸೂಜಿ ಚುಚ್ಚಿದ ಸಣ್ಣ ತೂತುಗಳು ಮಾತ್ರ ಕೊನೆಯವರೆಗೂ ಮುಚ್ಚಲಿಲ್ಲ. ಅವನ್ನು ತೋರಿಸಿಯೇ ಆ ನಾಡಿನ ತಾಯಂದಿರು ಮಕ್ಕಳಿಗೆ ಹಳೆಯ ಅಭ್ಯಾಸವನ್ನು ಹೊಸದಾಗಿ ಕಲಿಸಿದರು. ಯಾರದಾದರೂ ನೆರಳು ತುಳಿದರೆ ಅಲ್ಲಿ ಈಗಲೂ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆದರೆ ಮೊದಲು ಕಾಲು ತೆಗೆಯುತ್ತಾರೆ.