ಎರಡನೇ ಪ್ರತಿ

ಜೀವನ್ ಬಿಮಾ ನಗರದ ಆ ಬೀದಿಯ ನಿವಾಸಿಗಳ ಸಂಘಕ್ಕೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದ ಯಜ್ಞನಾರಾಯಣ 2009ರಲ್ಲಿ ಏಳು ಮತಗಳಿಂದ ಸೋತ. ಸೋತದ್ದಕ್ಕಿಂತ ಯಾರೆದುರು ಸೋತೆ ಎಂಬುದು ಅವನನ್ನು ಸುಟ್ಟಿತು. ಗೆದ್ದವರು ಪಕ್ಕದ ಮನೆಯ ಸಂಜೀವಪ್ಪ. ದೊಡ್ಡನೆಕ್ಕುಂದಿಯ ಕೇರಿಯಲ್ಲಿ ಹುಟ್ಟಿ, ವಿಮಾ ಕಚೇರಿಗೆ ಜವಾನರಾಗಿ ಸೇರಿ, ಅಧಿಕಾರಿಯಾಗಿ ನಿವೃತ್ತರಾದವರು. ಬಾಗಿಲ ಮೇಲೆ ಬುದ್ಧನ ಪಟ. ಹತ್ತು ವರ್ಷದಲ್ಲಿ ಯಜ್ಞನಾರಾಯಣ ಆ ಮನೆಯ ಒಂದು ಲೋಟ ನೀರು ಮುಟ್ಟಿರಲಿಲ್ಲ. ಒಮ್ಮೆ ಶುಗರ್, ಒಮ್ಮೆ ಏಕಾದಶಿ, ನೆಪಗಳಿಗೇನು ಬರ. ಈಗ ಸಂಘದ ಮೊಹರನ್ನು ಎಲ್ಲರೆದುರು ಆ ಮನುಷ್ಯನಿಗೇ ಒಪ್ಪಿಸಬೇಕಾಯಿತು. ಸಂಜೀವಪ್ಪ ಎರಡೂ ಕೈ ಚಾಚಿ ಇಸಿದುಕೊಂಡರು. "ನಿಮ್ಮ ಸಲಹೆ ಬೇಕಾಗುತ್ತೆ ಸ್ವಾಮಿ, ಕೈಬಿಡಬೇಡಿ" ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಯಜ್ಞನಾರಾಯಣ ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಾಖಲೆಗಳ ಮೇಲ್ವಿಚಾರಕ. ಪ್ರತಿ ವರದಿಯ ಎರಡನೇ ಪ್ರತಿ ಸಂಜೆ ಮಹಡಿಯ ಮೇಲಿನ ಅವನ ಕೋಣೆಗೆ ಬರುತ್ತಿತ್ತು. ಅಕ್ಟೋಬರ್ ಕೊನೆಗೆ ಐಟಿ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗ, ಅದನ್ನು ಸಿಬ್ಬಂದಿಗೆ ತಿಳಿಸಿ ಹೇಳುವ ಕೆಲಸವನ್ನು ಮ್ಯಾನೇಜರ್ ವಿಭಾ ಅವನಿಗೇ ವಹಿಸಿದ್ದಳು. ಕೆಲಸದ ಒಪ್ಪಂದದಿಂದ ಕೈಗೆ ಬಂದ ಇನ್ನೊಬ್ಬರ ಖಾಸಗಿ ವಿವರವನ್ನು, ಅವರ ಒಪ್ಪಿಗೆಯಿಲ್ಲದೆ, ಕೇಡು ಬಗೆದು ಹೊರಹಾಕಿದರೆ ಮೂರು ವರ್ಷದವರೆಗೆ ಜೈಲು. ಅವನು ಚೆನ್ನಾಗಿಯೇ ಕಲಿಸಿದ. ಹೆಂಡತಿ ಬಂದು ಕೇಳಿದರೆ ಗಂಡನ ವರದಿ ಹೇಳಬಹುದೇ ಎಂದು ಕೌಂಟರಿನ ಪ್ರಿಯಾ ಕೇಳಿದಾಗ, ಗಂಡ ಒಪ್ಪದೆ ಹೆಂಡತಿಗೂ ಹೇಳುವಂತಿಲ್ಲ ಎಂದ. ಕಲಿಸುತ್ತ ತಾನೂ ಒಂದು ಕಲಿತ: ಕಾನೂನಿಗೆ ಬೇಕಾದದ್ದು ವಿಷಯ ಸೋರಿಸಿದ ಒಂದು ಕೈ. ಕೈ ಹತ್ತಾದರೆ ಕಾನೂನು ಯಾರದನ್ನು ಹಿಡಿದೀತು?

ಡಿಸೆಂಬರಿನಲ್ಲಿ ಸಂಜೀವಪ್ಪನವರ ವರದಿ ಅವನ ಮೇಜಿಗೆ ಬಂತು. ಹರ್ನಿಯಾ ಆಪರೇಷನ್ನಿಗೆ ಮುಂಚಿನ ಮಾಮೂಲು ಪರೀಕ್ಷೆಗಳು. ಎಚ್ಐವಿ ಎಂಬ ಸಾಲಿನೆದುರು ಪಾಸಿಟಿವ್ ಎಂದಿತ್ತು. ಅದರ ಕೆಳಗೆ, ಮರುಪರೀಕ್ಷೆ ಮಾಡದೆ ಇದನ್ನು ಖಚಿತವೆನ್ನುವಂತಿಲ್ಲ ಎಂದಿತ್ತು. ಮೇಲಿನ ಸಾಲನ್ನು ಅವನು ಮೂರು ಸಲ ಓದಿದ. ಕೆಳಗಿನದರ ಮೇಲೆ ಕಣ್ಣು ನಿಲ್ಲಲಿಲ್ಲ.

ಅವಸರ ಮಾಡಲಿಲ್ಲ. ವರದಿ ಸರ್ಜನ್ನರಿಗೆ ಹೋಗಲಿ, ನರ್ಸು ನೋಡಲಿ, ಅರಿವಳಿಕೆ ಕೊಡುವವರು ನೋಡಲಿ, ಮೆಡಿಕಲ್ ಶಾಪಿನವನಿಗೆ ಗೊತ್ತಾಗಲಿ, ಭಾವಮೈದುನರು ಪಿಸುಗುಡಲಿ ಎಂದು ಎಣಿಸಿ ಹತ್ತು ದಿನ ಕಾದ. ಪ್ರತಿಯನ್ನು ಜೆರಾಕ್ಸ್ ಮಾಡಲಿಲ್ಲ. ವರದಿಯ ನಂಬರು, ತಾರೀಖು ಬಾಯಿಪಾಠ ಮಾಡಿಕೊಂಡ. ವರದಿ ಕಂಡ ಯಾರಿಗಾದರೂ ಅಷ್ಟು ಗೊತ್ತಿರುತ್ತದೆ, ಓದಿದವರಿಗೆ ನಂಬಿಕೆಯೂ ಹುಟ್ಟುತ್ತದೆ. ಸೈಬರ್ ಸೆಂಟರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆಂದು ಅತ್ತ ಸುಳಿಯಲಿಲ್ಲ. ಸಂಜೀವಪ್ಪನವರಿಗೆ ಎಚ್ಐವಿ ಇದೆಯೆಂದು, ವರದಿಯ ನಂಬರು ಸಮೇತ, ಎಡಗೈಯಲ್ಲಿ ಒಂದು ಕಾಗದ ಬರೆದ. ಶುಕ್ರವಾರದ ನೂಕುನುಗ್ಗಲಿನಲ್ಲಿ ಶಿವಾಜಿನಗರ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಅದರ ಹನ್ನೆರಡು ಪ್ರತಿ ಮಾಡಿಸಿದ. ಯಂತ್ರದ ಹಿಂದಿದ್ದ ಅಮೀರ್‌ಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ ಎಂದು ಮೊದಲೇ ತಿಳಿದುಕೊಂಡಿದ್ದ. ಬೀದಿಯ ಮನೆಗಳ ವಿಳಾಸ ಬರೆದು ಕೆ.ಆರ್. ಪುರದ ಅಂಚೆ ಡಬ್ಬಿಗೆ ಹಾಕಿದ.

ಮುಂದಿನ ವಾರದ ಕೊನೆಗೆ ಮನೆಮನೆ ತಲುಪಿದ ಕಾಗದ ಚೆನ್ನಾಗಿ ಕೆಲಸ ಮಾಡಿತು. ಹಾಲಿನವನು ಒಳಗೆ ಬರದೆ ಪ್ಯಾಕೆಟ್ಟನ್ನು ಗೇಟಿಗೆ ತೂಗುಹಾಕಿ ಹೋದ. ಸಂಜೀವಪ್ಪನವರ ಹೆಂಡತಿ ಗೋವಿಂದಮ್ಮನ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದ ಮಕ್ಕಳು ಒಂದೇ ದಿನ ನಿಂತುಬಿಟ್ಟರು. ಭಾನುವಾರ ಸಂಘದ ಸಭೆಯಲ್ಲಿ ಯಜ್ಞನಾರಾಯಣ ಎದ್ದು ನಿಂತು, ಪಾಪ, ಅದು ಅವರ ಖಾಸಗಿ ವಿಷಯ, ನಾವ್ಯಾರೂ ಮಾತಾಡಬಾರದು ಎಂದ. ಸಭೆ ಮುಗಿಯುವವರೆಗೂ ಎಲ್ಲರೂ ಅದನ್ನೇ ಮಾತಾಡಿದರು. ಅಂದು ರಾತ್ರಿ ಅವನಿಗೆ ಸೊಂಪಾದ ನಿದ್ದೆ ಬಂತು.

ಸೋಮವಾರ ವಿಭಾ ಅವನನ್ನು ಕೆಳಗೆ ಕರೆಸಿದಳು. ಅವಳೆದುರು ಸಂಜೀವಪ್ಪ ಕೂತಿದ್ದರು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. ಕೈಯಲ್ಲಿ ಆ ಕಾಗದವಿತ್ತು. ಇದಕ್ಕೂ ಯಜ್ಞನಾರಾಯಣ ಸಿದ್ಧನಾಗಿದ್ದ. ಅವರ ಹೆಗಲು ಮುಟ್ಟಿ, ಕನಿಕರದ ದನಿಯಲ್ಲಿ ಕೇಳಿದ.

"ವರದಿ ನಿಮ್ ಕೈ ಸೇರಿದ್ಮೇಲೆ ಅದು ನಮ್ ಹಿಡಿತದಲ್ಲಿ ಇರಲ್ಲ ಸಂಜೀವಪ್ಪ. ಯಾರ್ಯಾರಿಗೆ ತೋರಿಸಿದ್ರಿ, ಸ್ವಲ್ಪ ನೆನಪು ಮಾಡ್ಕೊಳ್ಳಿ."

ಸಂಜೀವಪ್ಪ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿದರು. ಅಕ್ಕ ಅಂಜಿನಮ್ಮ ತೀರಿಕೊಂಡದ್ದರಿಂದ ಆಪರೇಷನ್ ಮುಂದಕ್ಕೆ ಹೋಯಿತೆಂದೂ, ದೊಡ್ಡನೆಕ್ಕುಂದಿಯ ಕಾರ್ಯಗಳಿಗೆ ಓಡಾಡುವುದರಲ್ಲೇ ದಿನ ಕಳೆದವೆಂದೂ ವಿಭಾಗೆ ಹೇಳಿದರು. "ಯಾರಿಗೆ ತೋರಿಸ್ಲಿ ಸ್ವಾಮಿ? ನಾನೇ ಇನ್ನೂ ವರದಿ ತಗೊಂಡಿಲ್ಲ. ನಂಗೇ ಈ ಕಾಗ್ದ ಓದಿ ಗೊತ್ತಾಗಿದ್ದು." ವಿಭಾ ಕೌಂಟರಿನಿಂದ ತರಿಸಿದ್ದ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಪರೀಕ್ಷೆ ಮಾಡುವವರಿಗೆ ಕಾಣುವುದು ಬರೀ ನಂಬರು. ಹೆಸರು, ಫಲಿತಾಂಶ ಎರಡೂ ಒಟ್ಟಿಗಿರುವುದು ಈ ಲಕೋಟೆಯಲ್ಲಿ, ಇಲ್ಲವೇ ಮೇಲಿನ ಕೋಣೆಯಲ್ಲಿ. "ಮೇಲಿನ ರೂಮಿನ ಕೀ ನಿಮ್ಮೊಬ್ರ ಹತ್ರಾನೇ ಅಲ್ವಾ ಸಾರ್ ಇರೋದು" ಎಂದು ಅವಳು ಕೇಳಿದಳು. ಯಜ್ಞನಾರಾಯಣ ಲಕೋಟೆಯನ್ನು ಎತ್ತಿ ತಿರುಗಿಸಿ ನೋಡಿದ. ಅದರ ಅಂಟು ಇನ್ನೂ ಬಿಚ್ಚಿರಲಿಲ್ಲ.