ಯಾರ ಹುಳದ ಮನೆಗೂ ಕಾಲಿಡಬೇಡ

"ನಿಂತ್ಕಳ್ರೀ ಅಲ್ಲೇ! ಒಳಗೆ ಕಾಲಿಟ್ಟೀರಾ, ಜೋಕೆ!"

ಹೊಸ್ತಿಲು ದಾಟಲು ಎತ್ತಿದ್ದ ಕಾಲನ್ನು ಮಾನ್ಯ ಹಾಗೇ ಹಿಂದಕ್ಕೆ ತೆಗೆದುಕೊಂಡಳು.

ಸಾತನೂರಿನ ಆಚೆ, ಹಿಪ್ಪುನೇರಳೆ ತೋಟದ ನಡುವೆ ಒಂಟಿಯಾಗಿ ನಿಂತಿದ್ದ ರೇಷ್ಮೆ ಹುಳದ ಮನೆ ಅದು. ಬಾಗಿಲಿಗೆ ಅಡ್ಡ ನಿಂತಿದ್ದವನು ಬೋರಲಿಂಗಯ್ಯನವರ ಮಗ ಜಯಕುಮಾರ್. ಕೈಯಲ್ಲಿ ಸೊಪ್ಪಿನ ಕಂತೆ, ಕಣ್ಣಲ್ಲಿ ಕೆಂಡ.

"ಮಿಷನ್ ರಿಪೇರಿಗೆ ಬನ್ನಿ ಅಂತ ಫೋನ್ ಮಾಡಿದ್ದು ನೀವೇ ಅಲ್ವಾ?"

"ಮಾಡಿದ್ದು ನಾನೇ. ಮಲ್ಲಿಗೆ ಮುಡ್ಕಂಡು, ಸೆಂಟ್ ಹೊಡ್ಕಂಡು ಬನ್ನಿ ಅಂದಿದ್ನಾ? ಹುಳಕ್ಕೆ ವಾಸ್ನೆ ಆಗಲ್ಲ ಕಣ್ರೀ. ಬೆಳಗ್ಗೆ ನೆಟ್ಟಗಿದ್ದವು ಸಂಜೆಗೆ ಸತ್ತು ಬಿದ್ದಿರ್ತವೆ!"

ಸತ್ತು ಬಿದ್ದಿರ್ತವೆ... ಆ ಮಾತು ಯಾಕೋ ಅವಳ ಬೆನ್ನಲ್ಲಿ ತಣ್ಣಗೆ ಇಳಿಯಿತು. ಹೂವು ತೆಗೆದಳು. ತೊಟ್ಟಿ ನೀರಲ್ಲಿ ಕೈಕಾಲು ಮುಖ ತೊಳೆದಳು.

ಪ್ರೀತಿ ಹುಟ್ಟುವುದಕ್ಕೆ ಇದೂ ಒಂದು ಜಾಗವೇ ಎಂದು ನೀವು ಕೇಳಬಹುದು. ಹುಟ್ಟಿತಲ್ಲ, ಏನು ಮಾಡುವುದು! ನಾಲ್ಕನೇ ಸಲ ರಿಪೇರಿಗೆ ಬಂದಾಗ ಮಿಷನ್ನಿಗೆ ಏನೂ ಆಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಕರೆಸಿದವನಿಗೂ ಗೊತ್ತಿತ್ತು.

ಮಾನ್ಯ ಹೊಂಗನೂರಿನ ಪುಟ್ಟಲಿಂಗಯ್ಯನವರ ಮಗಳು. ಅವಳಿಗೆ ಬಾರದ ಕೆಲಸವಿಲ್ಲ, ಅದೇ ಅವಳ ಸಂಕಟ. ಚನ್ನಪಟ್ಟಣದ ಪೀರ್ ಸಾಬ್ ಹತ್ತಿರ ಗೊಂಬೆ ಕಡೆಯುವುದನ್ನು ಕಲಿತಿದ್ದಳು. ಬಣ್ಣ ಹಚ್ಚಿದರೆ ಗೊಂಬೆ ಮಾತಾಡಬೇಕು, ಹಾಗೆ ಹಚ್ಚುತ್ತಿದ್ದಳು. ಡಿಪ್ಲೊಮಾ ಓದಿದ್ದು ಎಲೆಕ್ಟ್ರಾನಿಕ್ಸು. ಹುಳದ ಮನೆಯ ಬಿಸಿ, ತೇವ ನೋಡಿಕೊಳ್ಳುವ ಮಿಷನ್ನು ಕೂರಿಸಿಕೊಂಡು ಊರೂರು ಸುತ್ತುತ್ತಿದ್ದಳು.

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟವ್ವ," ಎನ್ನುತ್ತಿದ್ದರು ತಾಯಿ ಬೀರಮ್ಮ. "ಎಲ್ಲಾನೂ ಮಾಡ್ತೀನಿ ಅಂದೋಳು ಯಾವ್ದನ್ನೋ ಒಂದಿನ ಕೆಡಿಸ್ತಾಳೆ, ನೋಡ್ತಿರು."

ಈಗ ಆಯ್ಕೆಯ ಹೊತ್ತು ತಾನಾಗಿಯೇ ಬಾಗಿಲಿಗೆ ಬಂದಿತ್ತು. ಚನ್ನಪಟ್ಟಣದ ಗೊಂಬೆ ಕಂಪನಿಯವರು ಡಿಸೈನರ್ ಆಗಿ ಬಾ ಎಂದರು. ಮಿಷನ್ನು ಮಾರುವ ರಾಮನಗರದವರು, ಅರೆಬರೆ ಸಾಕು, ಪೂರ್ತಿ ನಮ್ಮಲ್ಲೇ ಇರು ಎಂದರು. ಇಬ್ಬರಿಗೂ ಸೋಮವಾರ ಉತ್ತರ ಬೇಕಿತ್ತು.

ಎರಡೂ ಕೈಬಿಡದ ಒಂದು ದಾರಿ ಇರಬಾರದೇ? ಅದೇ ಹಟದಲ್ಲಿ ಮಾನ್ಯ ಜಯಕುಮಾರನ ಮಿಷನ್ನಿಗೆ ಒಂದು ಮರದ ಪೆಟ್ಟಿಗೆ ಮಾಡಿದಳು. ತಾನೇ ಕಡೆದಳು. ಮೇಲೆ ಹಿಪ್ಪುನೇರಳೆ ಎಲೆಯ ಚಿತ್ರ; ಗೊಂಬೆಗೆ ಹಚ್ಚುವ ಅರಗಿನ ಬಣ್ಣದಲ್ಲಿ ಎಲೆಯ ಸಣ್ಣ ನರ ಬರುವುದಿಲ್ಲವೆಂದು ಅಂಗಡಿಯ ಪೇಂಟು ತಂದು ಬರೆದಳು. ಒಣಗಿದೆ ಅಂದುಕೊಂಡು ಗೋಡೆಗೆ ಕೂರಿಸಿ ಬಂದಳು.

ಎರಡು ದಿನ ಕಳೆದ ಮೇಲೆ ಬೆಳಗ್ಗೆ ಹೋದಾಗ ಅವಳು ಮೊದಲು ಗಮನಿಸಿದ್ದು ಸದ್ದನ್ನು. ಸದ್ದೇ ಇರಲಿಲ್ಲ!

ನಾಲ್ಕನೇ ಜ್ವರ ಎದ್ದ ಹುಳ, ಅಂದರೆ ಕೊನೆಯ ಪೊರೆ ಬಿಟ್ಟ ಹುಳ, ಸೊಪ್ಪು ತಿನ್ನುವಾಗ ಮನೆಯೆಲ್ಲ ಸರಸರ ಎನ್ನಬೇಕು. ಇಲ್ಲಿ ಏನೂ ಕೇಳುತ್ತಿಲ್ಲ. ಬಾಗಿಲಿನಿಂದಲೇ ಕಂಡಿತು. ಹುಳಗಳು ತಲೆ ಎತ್ತಿ ಒದ್ದಾಡುತ್ತಿವೆ, ಹಸಿರು ನೀರು ಕಾರುತ್ತಿವೆ. ಮೂಗಿಗೆ ಮಾತ್ರ ಸಣ್ಣಗೆ ಪೇಂಟಿನ ವಾಸನೆ...

'ನಾನೇ! ಇದು ನನ್ನ ಕೈಯಿಂದಲೇ ಆಗಿದ್ದು!'

"ಜಯ..."

ಅವನು ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ.

"ಒಳಗೆ ಬರ್ಬೇಡ! ಮನೆಗೆ ಹೋಗು! ಇನ್ಮೇಲೆ ಯಾರ ಹುಳದ ಮನೆಗೂ ಕಾಲಿಡ್ಬೇಡ!"

ಬಾಗಿಲು ಮುಚ್ಚಿತು.

ಬಸ್ಸಿನಲ್ಲಿ ಕೂತ ಮಾನ್ಯಳಿಗೆ ಹೊಂಗನೂರು ಬಂದಿದ್ದೂ ತಿಳಿಯಲಿಲ್ಲ. ಚನ್ನಪಟ್ಟಣದಲ್ಲಿ ಇಳಿದು, ಅಳುತ್ತಲೇ ಅವನ ನಂಬರನ್ನು ಬ್ಲಾಕ್ ಮಾಡಿದಳು. ಆದರೆ ಅವನ ಹುಳದ ಮನೆಯ ಬಿಸಿ, ತೇವ ತೋರಿಸುವ ಆ್ಯಪ್ ಮಾತ್ರ ಫೋನಿನಲ್ಲಿ ಉಳಿಯಿತು. ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದಳು. ಸಂಜೆಗೆ ಅಂಕಿಗಳೂ ಮಾಯವಾದವು. ಕಿತ್ತು ಎಸೆದುಬಿಟ್ಟ... ನನ್ನ ಪೆಟ್ಟಿಗೆಯನ್ನು ಕಿತ್ತು ಎಸೆದೇಬಿಟ್ಟ!

ಅಂದಿನಿಂದ ಅವಳಿಗೆ ತನ್ನ ಕೈಗಳನ್ನು ಕಂಡರೇ ಭಯ.

ಸೋಮವಾರ ಬೆಳಗ್ಗೆ ಮಾನ್ಯ ಪೀರ್ ಸಾಬರ ಕಾರ್ಖಾನೆಯಲ್ಲಿ ಕೂತಿದ್ದಳು.

"ಗೊಂಬೆ ಕಂಪನಿಗೇ ಹೋಗ್ತೀನಿ ಚಾಚಾ."

"ಖುಷಿಯಿಂದ ಹೇಳ್ತಿದೀಯಾ ಬೇಟಿ?"

"ಗೊಂಬೆ ಸಾಯಲ್ಲ ಅಲ್ವಾ? ಅದಕ್ಕೆ."

ಪೀರ್ ಸಾಬ್ ಗೊಂಬೆ ಕಡೆಯುವ ಲೇತು ನಿಲ್ಲಿಸಿದರು. "ಹೆದರ್ಕೊಂಡು ಕೆಲಸ ಹಿಡಿದ್ರೆ, ಆ ಹೆದರಿಕೆ ದಿನಾ ನಿನ್ ಜೊತೇಲೇ ಕೆಲಸಕ್ಕೆ ಬರ್ತದೆ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಜಯಕುಮಾರ್! ಗಡ್ಡ ಬೆಳೆದಿತ್ತು. ಕೈಗಳ ಚರ್ಮ ಬ್ಲೀಚಿಂಗ್ ಪೌಡರಿಗೆ ಸುಲಿದಿತ್ತು. ಪೀರ್ ಸಾಬ್ ಅವನ ಮುಖ ನೋಡಿದರು, ಟೀ ಕುಡಿಯುವ ನೆಪದಲ್ಲಿ ಎದ್ದು ಹೋದರು.

"ಫೋನ್ ಯಾಕೆ ಎತ್ತಲ್ಲ ನೀನು?"

"ಎತ್ತಿ ಏನ್ ಕೇಳ್ಬೇಕಿತ್ತು? ಎಷ್ಟು ಹುಳ ಸತ್ತವು ಅಂತಾನಾ? ಯಾರ ಮನೆಗೂ ಕಾಲಿಡ್ಬೇಡ ಅಂದ್ಯಲ್ಲ, ಇಡಲ್ಲ ಬಿಡು!"

ಅವನು ಕಣ್ಣು ಕಣ್ಣು ಬಿಟ್ಟ. "ಅಯ್ಯೋ... ಅದನ್ನ ಹಂಗೆ ತಗಂಡ್ಯಾ? ಏಳೆಂಟು ಊರಿನ ಹುಳದ ಮನೆ ಸುತ್ತೋಳು ನೀನು. ರೋಗ ಬಿದ್ದಿದ್ರೆ ನಿನ್ನ ಕಾಲಲ್ಲೇ ಎಲ್ಲಾ ಕಡೆ ಹೋಗ್ಬುಡ್ತಿತ್ತು. ಆಮೇಲೆ ಜನ ನಿನ್ನ ಸುಮ್ನೆ ಬುಡ್ತಿದ್ರಾ? ಏನು ಅಂತ ತಿಳಿಯೋಗಂಟ ಹೋಗ್ಬೇಡ ಅಂದೆ ಕಣೆ!"

ರೋಗ ಬಿದ್ದ ಮನೆಯಿಂದ ಇನ್ನೊಂದು ಮನೆಗೆ ಹೋಗಬಾರದು. ಇದು ಅವಳಿಗೆ ಗೊತ್ತಿಲ್ಲದ ಕಟ್ಟಳೆಯಲ್ಲ, ಬೇರೆಯವರಿಗೆ ತಾನೇ ಹೇಳುತ್ತಿದ್ದಳು. ತಪ್ಪು ತನ್ನದೇ ಎಂದು ತೀರ್ಮಾನಿಸಿಕೊಂಡಿದ್ದ ತಲೆಗೆ ಆಗ ಅದು ಹೊಳೆಯಲೇ ಇಲ್ಲ.

"ನನ್ನ ಪೇಂಟಿನ ವಾಸನೆಗೇ ಸತ್ತವು ಜಯ... ನನಗೆ ಗೊತ್ತು."

"ಇಲ್ಲ ಕಣೆ. ನಿನ್ನ ಪೆಟ್ಟಿಗೆ ಕೆಳಗಿನ ತಟ್ಟೆ ಹುಳ ಅವತ್ತು ಸೊಪ್ಪು ಹಾಕ್ದೆ ಸುಮ್ನಿದ್ವು ಅಷ್ಟೆ, ಚೆನ್ನಾಗವೆ. ಸತ್ತಿದ್ದು ಆ ಕಡೆ ಗೋಡೇವು. ಪಕ್ಕದ ತೋಟದ ಟೊಮೊಟೊಗೆ ಔಷಧಿ ಹೊಡೆದವ್ರೆ, ಗಾಳಿಗೆ ನಮ್ಮ ಬದುವಿನ ಸಾಲಿಗೂ ಬಿದ್ದೈತೆ. ಒಂದು ಹಿಡಿ ಹುಳ ಬೇರೆ ಇಟ್ಟು ಆ ಸೊಪ್ಪು ತಿನ್ನಿಸಿ ನೋಡಿದೆ. ಅವೂ ಹಂಗೇ ಸತ್ತವು." ಅವನ ದನಿ ಇಳಿಯಿತು. "ಆ ಸೊಪ್ಪು ಕುಯ್ದು ಆ ಗೋಡೆ ಕಡೆ ತಟ್ಟೆಗೆ ಹಾಕಿದ್ದು ನಾನೇ. ನಿನ್ನ ಪೆಟ್ಟಿಗೆ ಕಿತ್ತಿದ್ದು, ಉಳಿದ ಹುಳ ಆಚೆಗಿಟ್ಟು ಮನೆ ತೊಳೆಯೋ ಬ್ಲೀಚಿಂಗಿಗೆ ಕೆಟ್ಟೋಯ್ತದೆ ಅಂತ. ಜೋಪಾನವಾಗಿ ಐತೆ."

ಮಾನ್ಯ ಸೆರಗಿಲ್ಲದ ಚೂಡಿದಾರದ ತೋಳಿಗೇ ಮುಖ ಒರೆಸಿಕೊಂಡಳು. ಎದೆಯ ಮೇಲಿನ ಕಲ್ಲು ಸರಿದರೂ ಭಯ ಪೂರ್ತಿ ಹೋಗಲಿಲ್ಲ. ಈ ಸಲ ತಾನಲ್ಲ, ಸರಿ. ಮುಂದಿನ ಸಲ ತಾನೇ ಆಗಬಹುದಲ್ಲ?

"ಹೇಳು ಜಯ, ಯಾವುದಕ್ಕೆ ಹೋಗಲಿ?"

"ನನ್ನ ಕೇಳ್ಬೇಡ. ನಾನ್ ಹೇಳಿದ್ದನ್ನ ಮಾಡಿದ್ರೆ ಒಂದಿನ ನನ್ನೇ ಬೈಕಂಡ್ ಕೂತಿರ್ತೀಯ. ಈ ಮೂರ್ನಾಕು ದಿನ ಏನ್ ಇಲ್ದೆ ಇರಕ್ಕಾಗ್ಲಿಲ್ಲ ನಿಂಗೆ? ಅದನ್ನ ನೋಡ್ಕೋ."

ಬ್ರಷ್ಷು ಅವಳಿಗೆ ಒಮ್ಮೆಯೂ ನೆನಪಾಗಿರಲಿಲ್ಲ. ಸತ್ತ ಆ್ಯಪನ್ನು ಮಾತ್ರ ನಿದ್ದೆಗಣ್ಣಿನಲ್ಲೂ ತೆರೆದು ನೋಡಿದ್ದಳು... ಒಳಗೆ ಬಿಸಿ ಎಷ್ಟಿದೆಯೋ, ಉಳಿದ ಹುಳ ಹೇಗಿವೆಯೋ ಎಂದು.

ಅವಳು ಗೊಂಬೆ ಕಂಪನಿಗೆ ಫೋನ್ ಮಾಡಿದಳು. "ಬರೋಕಾಗಲ್ಲ ಸರ್, ಕ್ಷಮಿಸಿ," ಎಂದಳು. ರಾಮನಗರದವರಿಗೆ ಬರ್ತೀನಿ ಎಂದು ಮೆಸೇಜ್ ಹಾಕಿದಳು. ಸುತ್ತಲಿದ್ದ ಬಣ್ಣಬಣ್ಣದ ಗೊಂಬೆಗಳತ್ತ ನೋಡಲಾಗಲಿಲ್ಲ. ಬೇಡವೆಂದದ್ದು ಇಷ್ಟವಿಲ್ಲದ್ದನ್ನಲ್ಲ, ಅದಕ್ಕೇ ಅಷ್ಟು ನೋವು. ಜಯಕುಮಾರ್ ಅವಳ ಪಕ್ಕದಲ್ಲಿ ಕೂತ.

"ಒಸಿ ನನ್ ಮಾತೂ ಕೇಳು," ಎಂದ. "ಅರ್ಧ ಬೆಳೆ ಹೋದ ಮನೆ ನಮ್ದು. ಮುಂದಿನ ಬೆಳೆನೂ ಹೋಗ್ಬೋದು. ಹೋಗಲ್ಲ ಅಂತ ಸುಳ್ಳು ಹೇಳಕ್ಕಾಗಲ್ಲ. ನೀನಿಲ್ದೆ ಮಾತ್ರ ಇರಕ್ಕಾಗಲ್ಲ ಕಣೆ. ನನ್ನ ಮದ್ವೆ ಆಯ್ತೀಯಾ?"

"ಆಯ್ತೀನಿ." ಅವಳು ಅವನತ್ತ ತಿರುಗಿದಳು. "ಆದ್ರೆ ಭಯ ಆಯ್ತದೆ ಜಯ."

"ನಂಗೂ ಆಯ್ತದೆ."

ಸುಲಿದುಹೋಗಿದ್ದ ಅವನ ಅಂಗೈಯನ್ನು ಅವಳು ನೋಯದಂತೆ ಮೆಲ್ಲಗೆ ತನ್ನ ಕೈಗೆ ತೆಗೆದುಕೊಂಡಳು.

"ಉರಿಯುತ್ತಾ?"

"ಉರೀತದೆ. ಬುಡ್ಬೇಡ."