ವೈಟ್ ಎಲಿಫೆಂಟ್ ಮುಟ್ಟುವಷ್ಟರಲ್ಲಿ

ಸುವರ್ಣಾಳನ್ನು ನೋಡಿದ್ದೇ ತಡ, ಪ್ರಶ್ನೆಪತ್ರಿಕೆ ಹೆದರಿ ಬೆವರಿತು. ಅಕ್ಷರಗಳೆಲ್ಲ ಒದ್ದೆಯಾದವು. ಮೇಷ್ಟ್ರು ಅದನ್ನು ಫ್ಯಾನಿನ ಕೆಳಗೆ ಹಿಡಿದು, ಒಣಗಿಸಿ ಮತ್ತೆ ಕೊಟ್ಟರು.

“ಆಮೇಲೆ?” ಎಂದರು ಕಮಲಾಕ್ಷಮ್ಮ ಆಂಟಿ.

ಗೋವಿಂದರಾಜನಗರದ ನಮ್ಮ ವಠಾರದ ಮುಂದೆ ಅವರ ಅಂಗಡಿ. ಅಲ್ಲಿನ ಕಾಯಿನ್ ಫೋನಿನ ಪಕ್ಕ ನಿಂತು ನಾನು ಹೇಳುತ್ತಿದ್ದೆ. ವಠಾರದ ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಸುವರ್ಣಾ ನನ್ನ ಅಕ್ಕ. ರಾಜಾಜಿನಗರದ ದೊಡ್ಡ ಇಂಗ್ಲಿಷ್ ಸ್ಕೂಲಿನಲ್ಲಿ ಆರನೇ ಕ್ಲಾಸಿನ ಸೀಟಿಗೆ ಎಂಟ್ರೆನ್ಸ್ ಟೆಸ್ಟ್ ಬರೆದು ಆಗತಾನೇ ಬಂದಿದ್ದಳು. ವಠಾರದ ಮೆಟ್ಟಿಲ ಮೇಲೆ ಕೂತಿದ್ದಳು.

ಆ ಟೆಸ್ಟಿನಲ್ಲಿ ಇಡಿಯಮ್ಸ್, ಅಂದರೆ ಇಂಗ್ಲಿಷ್ ನುಡಿಗಟ್ಟುಗಳು, ಬಂದೇ ಬರುತ್ತವೆ. ಅಕ್ಕ ಹೋಗುತ್ತಿದ್ದ ವಿಜಯನಗರದ ಟ್ಯೂಷನ್ನಿನಲ್ಲಿ ಸತ್ಯವತಿ ಮಿಸ್ ಅದಕ್ಕೊಂದು ದಾರಿ ಮಾಡಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ಮಕ್ಕಳು ಮಗ್ಗಿಯ ರಾಗದಲ್ಲಿ ಅರ್ಥ ಕೂಗುವುದು.

“ಆಪಲ್ ಆಫ್ ಒನ್ಸ್ ಐ.”

“ಕಣ್ಮಣಿ, ಕಣ್ಮಣಿ!”

ಹೀಗೆ ‘ಎ’ಯಿಂದ ಶುರುವಾಗಿ, ಗೈಡಿನಲ್ಲಿದ್ದ ಹಾಗೆಯೇ ಸಾಗಿ, ಕೊನೆಗೆ ‘ವೈಟ್ ಎಲಿಫೆಂಟ್’. “ಖರ್ಚು ಜಾಸ್ತಿ, ಲಾಭ ನಾಸ್ತಿ!” ಈ ಕೂಗು ಕೇಳಲೆಂದೇ ವಿಜಯನಗರದ ಬಸ್ಸುಗಳೆಲ್ಲ ಹಾರ್ನ್ ಒತ್ತುವುದನ್ನು ಬಿಟ್ಟಿದ್ದವು.

“ಆಮೇಲೇನು ಆಂಟಿ, ವೈಟ್ ಎಲಿಫೆಂಟ್ ಕೇಳಿದ್ರು. ಅಕ್ಕ ಕಣ್ಮುಚ್ಕೊಂಡು ಬರೆದ್ಲು. ಮೇಷ್ಟ್ರು ಎದ್ದು ನಿಂತು ಕೈ ಮುಗಿದ್ರು. ಸೀಟು ಗ್ಯಾರಂಟಿ.”

“ಹಂಗಾದ್ರೆ ಸಂಜೆ ಸ್ವೀಟ್ ಕೊಡ್ಸು ಮಗಾ,” ಎಂದ ಪಕ್ಕದ ಮನೆಯ ಶ್ರೀರಾಮ್. “ಇಲ್ಲಾಂದ್ರೆ ನಿನ್ನ ಬಿಡಲ್ಲ.”

ಅಕ್ಕ ಎದ್ದು ಬಂದಳು. ಅವಳ ಮುಖ ಕೆಂಪಾಗಿತ್ತು.

“ಫಕೀರೇಶ, ಟೆಸ್ಟ್ ನಡದಾಗ ನೀ ಎಲ್ಲಿದ್ದಿ?”

“ಅಲ್ಲೇ...”

“ಅಲ್ಲೇ ಅಂದ್ರ? ಅಪ್ಪನ ಜೋಡಿ ಗೇಟಿನ ಹೊರಗ ಶೇಂಗಾ ತಿನ್ಕೋತ ನಿಂತಿದ್ದಿ. ನಿನಗ ಒಳಗಿಂದು ಹೆಂಗ ಕಾಣ್ತು?”

ಹುಡುಗರು ಕಿಸಕ್ಕನೆ ನಕ್ಕರು. ಅಕ್ಕ ನಗಲಿಲ್ಲ. ನನ್ನ ತೋಳು ಹಿಡಿದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: “ಇವರೆಲ್ಲಾ ಸೀಟು ಸಿಕ್ಕೇ ಬಿಡ್ತು ಅಂದ್ಕೊಂಡಾರ. ಸಿಗ್ಲಿಲ್ಲಂದ್ರ ದಿನಾ ಇವರ ಮುಂದ ನಾ ಹೆಂಗ ಓಡಾಡ್ಲಿ?”

ನಿಜ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆ ಬೆವರಲಿಲ್ಲ. ಬೆವರಿದ್ದು ಅಕ್ಕ. ಒಳಗೆ ನಡೆದದ್ದನ್ನು ವಾಪಸ್ ಬರುವಾಗ ಅವಳೇ ಹೇಳಿದ್ದಳು. ಮೊದಲ ಪ್ರಶ್ನೆಯೇ ವೈಟ್ ಎಲಿಫೆಂಟ್. ಆದರೆ ಅವಳಿಗೆ ನಡುವಿನಿಂದ ಯಾವುದೂ ನೆನಪಾಗದು. ಮನಸ್ಸಿನಲ್ಲೇ ‘ಎ’ಯಿಂದ ಹಾಡಿಕೊಂಡು ಹೋಗಬೇಕು. ಎರಡನೇ ಪ್ರಶ್ನೆಗೆ ಮತ್ತೆ ‘ಎ’ಯಿಂದ, ಮೂರನೆಯದಕ್ಕೆ ಮತ್ತೆ. ಹಾಗೆ ಹಾಡುತ್ತ ಹಾಡುತ್ತ ಅರ್ಧ ದಾರಿಯಲ್ಲಿದ್ದಾಗಲೇ ಬೆಲ್ ಹೊಡೆಯಿತು. ಎಷ್ಟೋ ಖಾಲಿ ಉಳಿದವು. ಬಸ್ಸಿನಲ್ಲಿ ಅವಳು ನನ್ನನ್ನು ಕೇಳಿಕೊಂಡಿದ್ದು ಒಂದೇ ಮಾತು: “ರಿಸಲ್ಟ್ ಬರೋತನಕ ಯಾರಿಗೂ ಏನೂ ಹೇಳಬ್ಯಾಡ.”

ನಾನು ಹೂಂ ಅಂದಿದ್ದೆ. ಬಸ್ಸಿಳಿದು ಸೀದಾ ಅಂಗಡಿಗೆ ಬಂದಿದ್ದೆ.

“ಏನೋ ಫಕೀರೇಶ, ಸೀಟು ಸಿಗುತ್ತೋ ಇಲ್ವೋ?” ಕಮಲಾಕ್ಷಮ್ಮ ಆಂಟಿ ಕೇಳಿದರು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾಲಿಗೆಯ ತುದಿಗೆ ಆಗಲೇ ಹೆಡ್‌ಮಾಸ್ಟರು ಬಂದಿದ್ದರು, ಅವರ ಕೈಯಲ್ಲಿ ಹೂವಿನ ಹಾರವೂ ಇತ್ತು. ಅಕ್ಕ ನನ್ನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

“ಗೊತ್ತಿಲ್ಲ ಆಂಟಿ,” ಎಂದೆ. “ನಾನು ಒಳಗೆ ಹೋಗಿರಲಿಲ್ಲ. ಟೆಸ್ಟ್ ಕಷ್ಟ ಇತ್ತಂತೆ.”

ಶ್ರೀರಾಮ್ “ಥೂ, ಬುರುಡೆ” ಎಂದು ನನ್ನ ತಲೆಗೆ ಮೊಟಕಿ ಆಡಲು ಹೋದ. ಉಳಿದವರೂ ಅವನ ಹಿಂದೆ ಓಡಿದರು.

ಅಕ್ಕ ಮತ್ತೆ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು, ನನಗೂ ಜಾಗ ಬಿಟ್ಟಳು.